ವ್ಯಾಯಾಮ ಶಾಲೆಗೆ ಹೊಸದಾಗಿ ಸೇರುವವರಿಗೆ ಮಾಹಿತಿ: ಅಳುಕು ನಿವಾರಣೆ ಮತ್ತು ಆತ್ಮವಿಶ್ವಾಸ ವೃದ್ಧಿ

ಪೀಠಿಕೆ

ಜಿಮ್ ಎಂದೇ ಜನಬಳಕೆಯಲ್ಲಿರುವ ವ್ಯಾಯಾಮ ಶಾಲೆಗೆ ಸದಸ್ಯತ್ವ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಅರ್ಜಿ ನಮೂನೆಯಲ್ಲಿ ಹೆಸರು, ವಯಸ್ಸು, ವಿಳಾಸ, ರಕ್ತದ ಗುಂಪು ಮುಂತಾದವುಗಳಿಗೆ ಅಂಕಣಗಳಿರುತ್ತವೆ. ಅರ್ಜಿದಾರರ ಮನಸ್ಸಿನಲ್ಲಿರುವ ಅಳುಕಿಗೆ ಯಾವುದೇ ಅಂಕಣವಿರುವುದಿಲ್ಲ. ಆದರೆ ಶುಲ್ಕ ಪಾವತಿಸಿ, ನಾಲ್ಕಾರು ದಿನ ಬಂದು, ಅನಂತರ ಬರುವುದನ್ನೇ ನಿಲ್ಲಿಸುವವರಲ್ಲಿ ಅನೇಕರಿಗೆ ಈ ಅಳುಕೇ ಅಡ್ಡಿಯಾಗಿರುತ್ತದೆ.

ಈ ಅಳುಕಿನಿಂದ ಆಗುವ ಹಾನಿ ಶುಲ್ಕದ ಹಣಕ್ಕೆ ಸೀಮಿತವಲ್ಲ. ಸಂಕೋಚದಿಂದ ತರಬೇತುದಾರರನ್ನು ಪ್ರಶ್ನಿಸದ ಹೊಸ ಸದಸ್ಯರು ಯಂತ್ರವನ್ನು ತಪ್ಪಾಗಿ ಬಳಸಿ ಪೆಟ್ಟು ಮಾಡಿಕೊಳ್ಳುವ ಸಂಭವವಿದೆ. ಅವಮಾನವಾದೀತೆಂದು ರಕ್ತದೊತ್ತಡ, ಮಧುಮೇಹ ಅಥವಾ ಹೃದ್ರೋಗದ ವಿಷಯವನ್ನು ಮುಚ್ಚಿಡುವುದು ಇನ್ನೂ ಅಪಾಯಕರ. ಆದುದರಿಂದ ಅಳುಕಿನ ವಿಷಯವನ್ನು ಸುರಕ್ಷತೆಯ ವಿಷಯವೆಂದೇ ಪರಿಗಣಿಸತಕ್ಕದ್ದು.

1. ಅಳುಕು ಏಕೆ ಉಂಟಾಗುತ್ತದೆ?

ಹೊಸಬರ ಅಳುಕಿಗೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂಬ ಭಾವನೆ ಮೊದಲನೆಯದು. ಯಂತ್ರಗಳ ಬಳಕೆ ತಿಳಿಯದಿರುವುದು ಎರಡನೆಯದು. ತಮ್ಮ ದೇಹ, ವಯಸ್ಸು ಅಥವಾ ಉಡುಪು ಆ ಸ್ಥಳಕ್ಕೆ ಹೊಂದುವುದಿಲ್ಲವೆಂಬ ಅನಿಸಿಕೆ ಮೂರನೆಯದು.

ಮೊದಲನೆಯ ಕಾರಣದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಅವರ ಸಹೋದ್ಯೋಗಿಗಳು 2000ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವೆನಿಸುವ ಚಿತ್ರವುಳ್ಳ ಅಂಗಿಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೊಠಡಿಯೊಳಗೆ ಕಳುಹಿಸಲಾಯಿತು. ಅಂಗಿಯ ಮೇಲಿನ ಚಿತ್ರವನ್ನು ಸುಮಾರು ಅರ್ಧದಷ್ಟು ಮಂದಿ ಗುರುತಿಸಿರುತ್ತಾರೆಂದು ತೊಟ್ಟವರು ಅಂದಾಜು ಮಾಡಿದರು. ವಾಸ್ತವವಾಗಿ ಗುರುತಿಸಿದವರು ಸುಮಾರು ನಾಲ್ಕರಲ್ಲಿ ಒಂದು ಭಾಗದಷ್ಟು ಮಾತ್ರ. ತನ್ನ ಮೇಲೆ ಇತರರ ಗಮನ ಎಷ್ಟಿದೆ ಎಂಬುದನ್ನು ಮನುಷ್ಯ ಹೆಚ್ಚಾಗಿಯೇ ಲೆಕ್ಕ ಹಾಕುತ್ತಾನೆ ಎಂಬುದು ಇದರಿಂದ ತಿಳಿದುಬರುತ್ತದೆ. ವ್ಯಾಯಾಮ ಶಾಲೆಯಲ್ಲಿ ಗೋಡೆಯ ತುಂಬ ಕನ್ನಡಿಗಳಿರುವುದರಿಂದ ಈ ಭಾವನೆ ಹೆಚ್ಚುವುದು ಸಹಜ. ಕನ್ನಡಿಗಳನ್ನು ಅಳವಡಿಸಿರುವುದು ಬೆನ್ನು, ಮೊಣಕಾಲು ಮತ್ತು ಭುಜಗಳ ಭಂಗಿಯನ್ನು ಅವರವರೇ ಪರಿಶೀಲಿಸಿಕೊಳ್ಳಲು. ಅವುಗಳ ಮುಂದೆ ನಿಂತಿರುವವರು ಬಹುತೇಕ ತಮ್ಮ ಎಣಿಕೆಯಲ್ಲಿಯೇ ಮಗ್ನರಾಗಿರುತ್ತಾರೆ.

ಎರಡನೆಯ ಕಾರಣಕ್ಕೆ ಪರಿಹಾರ ಕಲಿಕೆ. ಮೈಸೂರಿನ ಗರಡಿ ಮನೆಗಳಲ್ಲಿಯೂ ಹೊಸ ಹುಡುಗನನ್ನು ಮೊದಲ ದಿನವೇ ಜೋಡಿ ಕಟ್ಟಿ ಕಣಕ್ಕಿಳಿಸುವ ಪದ್ಧತಿಯಿಲ್ಲ. ಮಟ್ಟಿಯ ಮಣ್ಣು ಹದ ಮಾಡುವುದು, ದಂಡ, ಬಸ್ಕಿ, ಅನಂತರ ಉಸ್ತಾದರ ಕಣ್ಣೆದುರಿನಲ್ಲಿ ಪಟ್ಟುಗಳು ಎಂಬ ಕ್ರಮವಿದೆ. ಯಂತ್ರಗಳುಳ್ಳ ಇಂದಿನ ವ್ಯಾಯಾಮ ಶಾಲೆಗೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಕಾಣುವ ನುರಿತ ಸದಸ್ಯರೆಲ್ಲರೂ ಒಂದು ದಿನ ಏನೂ ತಿಳಿಯದೆ ಬಂದವರೇ ಆಗಿರುತ್ತಾರೆ.

2. ಧೈರ್ಯ ಬಂದ ಮೇಲೆ ಸೇರುವುದೋ, ಸೇರಿದ ಮೇಲೆ ಧೈರ್ಯ ಬರುವುದೋ?

"ಸ್ವಲ್ಪ ತೂಕ ಇಳಿಸಿಕೊಂಡು ಆಮೇಲೆ ಸೇರುತ್ತೇನೆ" ಎಂದು ಮುಂದೂಡುವವರು ಬಹಳ ಮಂದಿ. ಆದರೆ ಧೈರ್ಯವು ಅಭ್ಯಾಸದ ಫಲ. ಅದನ್ನು ಸೇರ್ಪಡೆಗೆ ಷರತ್ತನ್ನಾಗಿ ಮಾಡಿಕೊಂಡಲ್ಲಿ ಸೇರುವ ದಿನ ಬರುವುದೇ ಇಲ್ಲ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ "ಇದು ನನ್ನಿಂದ ಸಾಧ್ಯ" ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ. ಅವು ಈ ಕೆಳಕಂಡಂತಿವೆ:

ಅ) ಸ್ವತಃ ಮಾಡಿ ಯಶಸ್ಸು ಕಂಡ ಅನುಭವ. ಇದು ನಾಲ್ಕರಲ್ಲಿ ಅತ್ಯಂತ ಪ್ರಬಲವಾದುದು.
ಆ) ತಮ್ಮಂತೆಯೇ ಇರುವ ಇನ್ನೊಬ್ಬರು ಮಾಡುವುದನ್ನು ಕಣ್ಣಾರೆ ಕಾಣುವುದು.
ಇ) ನಂಬಿಕಸ್ಥರ ಪ್ರೋತ್ಸಾಹದ ಮಾತು.
ಈ) ಎದೆಬಡಿತ, ಏದುಸಿರು, ಬೆವರು ಮುಂತಾದ ದೇಹದ ಸೂಚನೆಗಳನ್ನು ಸರಿಯಾಗಿ ಅರ್ಥೈಸಿಕೊಳ್ಳುವುದು.

ಮೊದಲನೆಯ ಮೂಲವು ವ್ಯಾಯಾಮ ಶಾಲೆಯ ಒಳಗೆ ಮಾತ್ರ ದೊರೆಯುತ್ತದೆ. ಆದ್ದರಿಂದ ಆರಂಭದ ದಿನಗಳನ್ನು ಸಣ್ಣ ಯಶಸ್ಸು ಖಚಿತವಾಗಿ ಸಿಗುವ ರೀತಿಯಲ್ಲಿ ಯೋಜಿಸಿಕೊಳ್ಳುವುದೇ ಆತ್ಮವಿಶ್ವಾಸ ಗಳಿಸುವ ಮಾರ್ಗ.

3. ಅರ್ಜಿ ಸಲ್ಲಿಸುವ ಮುನ್ನ

3.1 ಸ್ಥಳ ವೀಕ್ಷಣೆ: ತಾವು ಬರಲು ಉದ್ದೇಶಿಸಿರುವ ವೇಳೆಯಲ್ಲಿಯೇ ಒಮ್ಮೆ ಹೋಗಿ ನೋಡುವುದು ಸೂಕ್ತ. ಬಟ್ಟೆ ಬದಲಿಸುವ ಕೊಠಡಿ, ಶೌಚಾಲಯ, ಕುಡಿಯುವ ನೀರು, ತರಬೇತುದಾರರು ಹಾಜರಿರುವ ಸಮಯ ಮತ್ತು ಮಹಿಳೆಯರಿಗೆ ಪ್ರತ್ಯೇಕ ವೇಳೆ ಇದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಬೆಳಗಿನ ಕಚೇರಿ ವೇಳೆಗೆ ಮುನ್ನ ಹಾಗೂ ಸಂಜೆ ಕಚೇರಿ ಬಿಟ್ಟ ನಂತರ ದಟ್ಟಣೆ ಹೆಚ್ಚಿರುತ್ತದೆ. ಅನುಕೂಲವಿರುವವರು ಮೊದಲ ಎರಡು ವಾರ ದಟ್ಟಣೆಯಿಲ್ಲದ ವೇಳೆಯನ್ನು ಆರಿಸಿಕೊಳ್ಳಬಹುದು.

3.2 ಶುಲ್ಕದ ಆಯ್ಕೆ: ಒಂದೇ ಬಾರಿಗೆ ವರ್ಷದ ಶುಲ್ಕ ಪಾವತಿಸಿದರೆ ತಪ್ಪದೆ ಬರುತ್ತೇವೆ ಎಂಬ ಲೆಕ್ಕಾಚಾರ ಎಲ್ಲರ ವಿಷಯದಲ್ಲಿಯೂ ನಿಜವಾಗುವುದಿಲ್ಲ. ಅಮೆರಿಕದ 3 ವ್ಯಾಯಾಮ ಕೇಂದ್ರಗಳ 7,752 ಸದಸ್ಯರ ಹಾಜರಾತಿಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ತಮ್ಮ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಶುಲ್ಕ ತೆರುತ್ತಿದ್ದ ಸದಸ್ಯರು ಸರಾಸರಿ ತಿಂಗಳಿಗೆ 4.3 ಬಾರಿ ಮಾತ್ರ ಬಂದಿದ್ದರು. ಒಂದು ಭೇಟಿಗೆ ಬಿದ್ದ ವೆಚ್ಚ 17 ಡಾಲರಿಗೂ ಹೆಚ್ಚು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಒಂದು ಭೇಟಿಗೆ 10 ಡಾಲರ್ ಸಾಕಾಗುತ್ತಿತ್ತು. ಹೊಸಬರು ಮೊದಲು ಒಂದು ತಿಂಗಳ ಅಥವಾ ಮೂರು ತಿಂಗಳ ಸದಸ್ಯತ್ವ ಪಡೆದು, ತಮ್ಮ ಹಾಜರಾತಿಯನ್ನು ನೋಡಿಕೊಂಡು ಮುಂದುವರಿಸುವುದು ಮಿತವ್ಯಯದ ಕ್ರಮ. ಪಾವತಿಸಿದ ಹಣಕ್ಕೆ ರಸೀದಿ ಪಡೆಯುವುದನ್ನು ಮರೆಯಬಾರದು.

3.3 ಆರೋಗ್ಯ ವಿವರ: ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ, ಆಸ್ತಮಾ, ಕೀಲುನೋವು ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆಯ ಹಿನ್ನೆಲೆಯುಳ್ಳವರು, ಗರ್ಭಿಣಿಯರು ಹಾಗೂ ಶ್ರಮಪಟ್ಟಾಗ ಎದೆನೋವು ಅಥವಾ ತಲೆಸುತ್ತು ಕಾಣಿಸಿಕೊಳ್ಳುವವರು ವೈದ್ಯರ ಸಲಹೆ ಪಡೆದ ನಂತರವೇ ಆರಂಭಿಸತಕ್ಕದ್ದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ವೇಳೆ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಾಧ್ಯತೆಯಿರುವುದರಿಂದ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಈ ವಿವರಗಳನ್ನು ತರಬೇತುದಾರರಿಗೆ ತಿಳಿಸುವುದರಲ್ಲಿ ಸಂಕೋಚಪಡಬೇಕಾದುದು ಏನೂ ಇರುವುದಿಲ್ಲ. ಎಲ್ಲರೆದುರು ಹೇಳಲು ಇಷ್ಟವಿಲ್ಲದವರು ಚೀಟಿಯಲ್ಲಿ ಬರೆದು ಕೊಡಬಹುದು.

3.4 ಉಡುಪು: ಬೆವರು ಹೀರುವ ಸಡಿಲವಾದ ಹತ್ತಿಯ ಉಡುಪು ಮತ್ತು ಹಿಡಿತವಿರುವ ಬೂಟು ಸಾಕು. ಸಲ್ವಾರ್ ಕಮೀಜ್ ಧರಿಸುವ ಮಹಿಳೆಯರು ದುಪಟ್ಟಾವನ್ನು ತೆಗೆದಿರಿಸಬೇಕು ಇಲ್ಲವೇ ಭದ್ರವಾಗಿ ಕಟ್ಟಿಕೊಳ್ಳಬೇಕು. ಇಳಿಬಿದ್ದ ಬಟ್ಟೆ ಯಂತ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ದುಬಾರಿ ಉಡುಪಿನ ಅಗತ್ಯವಿಲ್ಲ.

4. ಮೊದಲ ದಿನ

4.1 ಮೊದಲ ದಿನದ ಗುರಿ ಸ್ಥಳ ಪರಿಚಯ ಮತ್ತು ಎರಡು ಯಂತ್ರಗಳ ಕಲಿಕೆ ಮಾತ್ರ. 20ರಿಂದ 30 ನಿಮಿಷ ಸಾಕು. ಇನ್ನೂ ಸ್ವಲ್ಪ ಮಾಡಬಹುದಿತ್ತು ಎನಿಸುವಾಗಲೇ ಹೊರಡುವುದು ಒಳ್ಳೆಯದು.

4.2 ಪ್ರವೇಶಿಸಿದ ಕೂಡಲೇ ತರಬೇತುದಾರರ ಬಳಿ ಹೋಗಿ "ಸಾರ್, ನಾನು ಹೊಸಬ, ಮೊದಲ ದಿನ, ಹೇಳಿಕೊಡಿ" ಎಂದು ತಿಳಿಸಬೇಕು. ಮೊದಲ ದಿನ ಹೇಳಲು ಸುಲಭವಾದ ಈ ಒಂದು ವಾಕ್ಯ, ತಿಂಗಳ ನಂತರ ಹೇಳಲು ಕಷ್ಟವಾಗುತ್ತದೆ.

4.3 ಟ್ರೆಡ್‌ಮಿಲ್ ಬಳಸುವವರು ಮೊದಲು ಎರಡೂ ಬದಿಯ ಪಟ್ಟಿಗಳ ಮೇಲೆ ಪಾದವಿಟ್ಟು ನಿಂತು, ಸುರಕ್ಷತಾ ದಾರದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು, ಅತಿ ಕಡಿಮೆ ವೇಗದಲ್ಲಿ ಚಾಲನೆ ಮಾಡಬೇಕು. ಬೆಲ್ಟ್ ನಿಧಾನವಾಗಿ ಚಲಿಸತೊಡಗಿದ ನಂತರ ಅದರ ಮೇಲೆ ಕಾಲಿಡಬೇಕು. ಗಂಟೆಗೆ 4ರಿಂದ 5 ಕಿಲೋಮೀಟರ್ ವೇಗದ ನಡಿಗೆ ಆರಂಭಕ್ಕೆ ಸಾಕಾಗುತ್ತದೆ. ಯಂತ್ರ ಸಂಪೂರ್ಣ ನಿಲ್ಲುವ ಮುನ್ನ ಇಳಿಯಬಾರದು.

4.4 ತೂಕದ ಯಂತ್ರಗಳಲ್ಲಿ ಮೊದಲು ಆಸನದ ಎತ್ತರವನ್ನು ಸರಿಪಡಿಸಿಕೊಂಡು, ಪಿನ್ನನ್ನು ಅತಿ ಕಡಿಮೆ ತೂಕಕ್ಕೆ ಹಾಕಿ 10 ಬಾರಿ ಮಾಡಿ ನೋಡಬೇಕು. ತೂಕ ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಉಸಿರು ತೆಗೆದುಕೊಳ್ಳಬೇಕು. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

4.5 ಉದ್ದನೆಯ ಬಾರ್‌ಬೆಲ್ ಬಳಸುವವರು ಅದರ ಸ್ವಂತ ತೂಕವನ್ನು ಲೆಕ್ಕಕ್ಕೆ ಸೇರಿಸಬೇಕು. ಸ್ಪರ್ಧಾ ಮಟ್ಟದ ಬಾರ್ ಪುರುಷರದು 20 ಕೆ.ಜಿ., ಮಹಿಳೆಯರದು 15 ಕೆ.ಜಿ. ಇರುತ್ತದೆ. 20 ಕೆ.ಜಿ. ಬಾರ್‌ನ ಎರಡೂ ಬದಿಗೆ 5 ಕೆ.ಜಿ. ಬಿಲ್ಲೆ ಹಾಕಿದಲ್ಲಿ ಎತ್ತುತ್ತಿರುವುದು 30 ಕೆ.ಜಿ. ಬೆಂಚಿನ ಮೇಲೆ ಮಲಗಿ ಬಾರ್ ಎತ್ತುವ ವ್ಯಾಯಾಮವನ್ನು ಸಹಾಯಕರಿಲ್ಲದೆ ಒಬ್ಬಂಟಿಯಾಗಿ ಮಾಡಕೂಡದು.

5. ಮೊದಲ ನಾಲ್ಕು ವಾರಗಳ ಮಾದರಿ ಕ್ರಮ

ಆರೋಗ್ಯವಂತ ವಯಸ್ಕರಿಗೆ ಅನ್ವಯಿಸುವ ಮಾದರಿಯನ್ನು ಕೆಳಗೆ ನೀಡಲಾಗಿದೆ. ತರಬೇತುದಾರರ ಸಲಹೆಯಂತೆ ಬದಲಿಸಿಕೊಳ್ಳಬಹುದು.

ಮೊದಲನೆಯ ವಾರ: 2 ದಿನ. 10 ನಿಮಿಷ ನಡಿಗೆ ಅಥವಾ ಸೈಕಲ್. 2 ಯಂತ್ರಗಳು, ತಲಾ 1 ಸೆಟ್, 10 ಬಾರಿ.
ಎರಡನೆಯ ವಾರ: 2ರಿಂದ 3 ದಿನ. 10 ನಿಮಿಷ ನಡಿಗೆ. 4 ಯಂತ್ರಗಳು, ತಲಾ 1 ಸೆಟ್.
ಮೂರನೆಯ ವಾರ: 3 ದಿನ. 15 ನಿಮಿಷ ನಡಿಗೆ. 4 ಯಂತ್ರಗಳು, ತಲಾ 2 ಸೆಟ್.
ನಾಲ್ಕನೆಯ ವಾರ: 3 ದಿನ. 15ರಿಂದ 20 ನಿಮಿಷ ನಡಿಗೆ. 5ರಿಂದ 6 ಯಂತ್ರಗಳು, ತಲಾ 2 ಸೆಟ್, 8ರಿಂದ 12 ಬಾರಿ.

ಒಂದು ತೂಕವನ್ನು ಸತತ ಎರಡು ದಿನ ಸರಾಗವಾಗಿ 12 ಬಾರಿ ಮಾಡಲು ಸಾಧ್ಯವಾದ ನಂತರವೇ ತೂಕ ಹೆಚ್ಚಿಸಬೇಕು. ಹೆಚ್ಚಳವು ಶೇಕಡಾ 2ರಿಂದ 10ರ ಒಳಗಿರುವುದು ಲೇಸು. ಯಂತ್ರದಲ್ಲಿ ಒಮ್ಮೆಗೆ 5 ಕೆ.ಜಿ. ಏರಿಸುವ ವ್ಯವಸ್ಥೆ ಮಾತ್ರ ಇದ್ದಲ್ಲಿ, 20 ಕೆ.ಜಿ.ಯಿಂದ 25 ಕೆ.ಜಿ.ಗೆ ಹೋಗುವುದು ಶೇಕಡಾ 25ರ ಏರಿಕೆಯಾಗುತ್ತದೆ. ಅಂತಹ ಸಂದರ್ಭದಲ್ಲಿ ಅದೇ ತೂಕದಲ್ಲಿ 15 ಬಾರಿ ಮಾಡುವವರೆಗೆ ಕಾಯಬೇಕು.

ನಡಿಗೆಯ ಶ್ರಮವನ್ನು ಅಳೆಯಲು ಸರಳ ವಿಧಾನವಿದೆ. ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದಲ್ಲಿ ಅದು ಮಧ್ಯಮ ಪ್ರಮಾಣದ ಶ್ರಮ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಹಾಗೂ ಕನಿಷ್ಠ 2 ದಿನ ಸ್ನಾಯು ಬಲವರ್ಧನೆಯ ವ್ಯಾಯಾಮ ಅಪೇಕ್ಷಣೀಯ. ಅಷ್ಟನ್ನು ಒಮ್ಮೆಲೇ ತಲುಪಬೇಕಾಗಿಲ್ಲ. ಸ್ವಲ್ಪವಾದರೂ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು ಎಂದು ಅದೇ ಮಾರ್ಗಸೂಚಿ ತಿಳಿಸುತ್ತದೆ.

6. ಲೆಕ್ಕದ ಪುಸ್ತಕ

ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಯಂತ್ರ, ತೂಕ ಮತ್ತು ಎಣಿಕೆಯನ್ನು ಬರೆದಿಡುವುದು ಬಹಳ ಉಪಯುಕ್ತ. ಕನ್ನಡಿಯಲ್ಲಿ ಒಂದು ತಿಂಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು. ಮೊದಲ ವಾರ 10 ಕೆ.ಜಿ., ಐದನೆಯ ವಾರ 15 ಕೆ.ಜಿ. ಎಂಬ ನಮೂದು ಮಾತ್ರ ಕಣ್ಣಿಗೆ ಕಾಣುತ್ತದೆ. ತಮ್ಮ ಇಂದಿನ ಪುಟವನ್ನು ತಮ್ಮದೇ ಹಿಂದಿನ ಪುಟದೊಂದಿಗೆ ಹೋಲಿಸಬೇಕೇ ಹೊರತು, ಪಕ್ಕದಲ್ಲಿ 60 ಕೆ.ಜಿ. ಎತ್ತುತ್ತಿರುವವರೊಂದಿಗೆ ಅಲ್ಲ. ಅವರ ಹಿಂದಿನ ವರ್ಷಗಳ ಲೆಕ್ಕ ನಮಗೆ ತಿಳಿದಿರುವುದಿಲ್ಲ.

ಇದೇ ಪುಸ್ತಕದಲ್ಲಿ ಹಾಜರಾತಿಯನ್ನೂ ಗುರುತು ಮಾಡಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಮುದ್ರಿತವಾದ ಅಧ್ಯಯನದಲ್ಲಿ, ಒಂದು ಹೊಸ ಚಟುವಟಿಕೆ ತಾನಾಗಿ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನಗಳು ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡಲಿಲ್ಲ. ಹಬ್ಬ, ಮದುವೆ, ಮಕ್ಕಳ ಪರೀಕ್ಷೆ, ಕಚೇರಿ ಕೆಲಸಗಳಿಂದ ಒಂದು ವಾರ ತಪ್ಪಿಸಿಕೊಂಡವರು ನಾಚಿಕೆಪಟ್ಟು ದೂರ ಉಳಿಯಬಾರದು. ತೂಕವನ್ನು ಒಂದು ಹಂತ ಇಳಿಸಿಕೊಂಡು ಪುನಃ ಆರಂಭಿಸಬಹುದು.

7. ಕೇಳುವ ರೂಢಿ ಮತ್ತು ಸಹಬಾಳ್ವೆ

ಬೇಕಾದ ಯಂತ್ರವನ್ನು ಇನ್ನೊಬ್ಬರು ಬಳಸುತ್ತಿದ್ದಲ್ಲಿ "ಇನ್ನೆಷ್ಟು ಸೆಟ್ ಇದೆ ಸಾರ್?" ಎಂದು ಕೇಳುವುದು ಸರ್ವೇಸಾಮಾನ್ಯ. ಬಳಸಿದ ಆಸನವನ್ನು ಟವೆಲಿನಿಂದ ಒರೆಸುವುದು, ಡಂಬ್‌ಬೆಲ್ಲುಗಳನ್ನು ತೆಗೆದ ಜಾಗದಲ್ಲಿಯೇ ಇಡುವುದು, ಯಂತ್ರದ ಮೇಲೆ ಕುಳಿತು ಮೊಬೈಲ್ ನೋಡದಿರುವುದು, ಇತರರ ಭಾವಚಿತ್ರ ತೆಗೆಯದಿರುವುದು, ಇಷ್ಟನ್ನು ಪಾಲಿಸುವ ಹೊಸಬರು ಒಂದೆರಡು ವಾರಗಳಲ್ಲಿ ಪರಿಚಿತರಾಗುತ್ತಾರೆ.

ಹಳೆಯ ಸದಸ್ಯರಿಗೂ ಇಲ್ಲಿ ಹೊಣೆಯಿದೆ. ಹೊಸಬರನ್ನು ನೋಡಿ ನಗುವುದು ಅಥವಾ ದೇಹದ ಬಗ್ಗೆ ಟೀಕೆ ಮಾಡುವುದು ಸಲ್ಲದು. ಅಪಾಯಕರ ತಪ್ಪು ಕಂಡುಬಂದಲ್ಲಿ ಮೆಲ್ಲಗೆ ತಿಳಿಸಬೇಕು ಅಥವಾ ತರಬೇತುದಾರರ ಗಮನಕ್ಕೆ ತರಬೇಕು. ಯಾರಿಂದಲಾದರೂ ಅನುಚಿತ ವರ್ತನೆ ನಡೆದಲ್ಲಿ ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ. ಕೇಂದ್ರದ ಮೇಲ್ವಿಚಾರಕರಿಗೆ ಲಿಖಿತ ದೂರು ನೀಡಬಹುದು. ಮಹಿಳೆಯರು ತುರ್ತು ಸಂದರ್ಭದಲ್ಲಿ 112 ಅಥವಾ 181ಕ್ಕೆ ಕರೆ ಮಾಡಬಹುದು.

ಬಂಡೂರಾ ಹೇಳಿದ ಎರಡನೆಯ ಮೂಲವನ್ನು ಇಲ್ಲಿ ನೆನೆಯಬಹುದು. ಐವತ್ತು ದಾಟಿದ ಗೃಹಿಣಿಯೊಬ್ಬರಿಗೆ ಇಪ್ಪತ್ತರ ಕ್ರೀಡಾಪಟುವಿಗಿಂತ ತಮ್ಮದೇ ವಯಸ್ಸಿನ ಇನ್ನೊಬ್ಬ ಗೃಹಿಣಿಯ ಅಭ್ಯಾಸ ಹೆಚ್ಚು ಧೈರ್ಯ ಕೊಡುತ್ತದೆ. ಆದುದರಿಂದ ಅಕ್ಕಪಕ್ಕದ ಮನೆಯವರು ಅಥವಾ ಸಹೋದ್ಯೋಗಿಗಳು ಇಬ್ಬರಾಗಿ ಸೇರುವುದು ಒಳ್ಳೆಯದು. ಹಿರಿಯ ನಾಗರಿಕರು ಬಲವರ್ಧನೆಯ ಜೊತೆಗೆ ಸಮತೋಲನದ ವ್ಯಾಯಾಮಗಳನ್ನೂ ಕೇಳಿ ಕಲಿಯುವುದು ಬೀಳುವಿಕೆಯನ್ನು ತಡೆಯಲು ಸಹಕಾರಿ. ವಿಕಲಚೇತನರು ತಮಗೆ ಬೇಕಾದ ಅನುಕೂಲಗಳನ್ನು ಸ್ಥಳ ವೀಕ್ಷಣೆಯ ಸಮಯದಲ್ಲಿಯೇ ತಿಳಿಸುವುದು ಸೂಕ್ತ.

8. ದೇಹದ ಸೂಚನೆಗಳು: ಯಾವುದು ಸಹಜ, ಯಾವುದು ಅಪಾಯ?

ಹೊಸಬರಲ್ಲಿ ಎದೆಬಡಿತ ಹೆಚ್ಚುವುದು, ಬೆವರುವುದು, ಕೈ ಸ್ವಲ್ಪ ನಡುಗುವುದು ಸಹಜ. ಇವು ಶ್ರಮದ ಗುರುತುಗಳೇ ಹೊರತು ಅಸಾಮರ್ಥ್ಯದ ಗುರುತುಗಳಲ್ಲ. ವ್ಯಾಯಾಮದ ಮರುದಿನದಿಂದ ಮೂರನೆಯ ದಿನದವರೆಗೆ ಸ್ನಾಯುಗಳಲ್ಲಿ ನೋವಿರುವುದೂ ಸಹಜವೇ. ಇದು ತಾನಾಗಿ ಕಡಿಮೆಯಾಗುತ್ತದೆ.

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ತಕ್ಷಣ ನಿಲ್ಲಿಸತಕ್ಕದ್ದು: ಎದೆಯಲ್ಲಿ ಒತ್ತಡ ಅಥವಾ ನೋವು, ದವಡೆ ಅಥವಾ ಎಡಗೈಗೆ ಹರಡುವ ನೋವು, ಕಣ್ಣು ಕತ್ತಲೆ ಬರುವುದು, ವಿಶ್ರಾಂತಿ ಪಡೆದರೂ ಇಳಿಯದ ಉಬ್ಬಸ, ಕೀಲಿನಲ್ಲಿ ಚುಚ್ಚಿದಂತಹ ನೋವು. ಎದೆನೋವಿನ ಸಂದರ್ಭದಲ್ಲಿ ವಿಳಂಬ ಮಾಡದೆ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಬೇಕು. ಮೊದಲ ದಿನಗಳಲ್ಲಿಯೇ ಅತಿಯಾಗಿ ಶ್ರಮಿಸಿದವರಲ್ಲಿ ಸ್ನಾಯು ತೀವ್ರವಾಗಿ ಊದಿಕೊಂಡು, ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿದಲ್ಲಿ ಅದು ಮೂತ್ರಪಿಂಡಕ್ಕೆ ಹಾನಿ ತರಬಲ್ಲ ಸ್ಥಿತಿ. ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಇತರರೆದುರು ಸೋಲಬಾರದೆಂದು ಮಿತಿ ಮೀರುವುದೂ ಅಳುಕಿನ ಇನ್ನೊಂದು ಮುಖವೇ ಆಗಿದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಯಸ್ಸು 55 ಆಗಿದೆ. ಈಗ ಸೇರಿದರೆ ಪ್ರಯೋಜನವಿದೆಯೇ?
ಉತ್ತರ: ಇದೆ. ಸ್ನಾಯುಬಲವು ಯಾವ ವಯಸ್ಸಿನಲ್ಲಿಯೂ ಅಭ್ಯಾಸದಿಂದ ವೃದ್ಧಿಯಾಗುತ್ತದೆ. ವೈದ್ಯಕೀಯ ಸಲಹೆ ಪಡೆದು, ಕಡಿಮೆ ತೂಕದಿಂದ ಆರಂಭಿಸಬೇಕು.

ಪ್ರಶ್ನೆ: ತೂಕ ಎತ್ತಿದರೆ ಮಹಿಳೆಯರ ದೇಹ ಗಂಡಸರಂತಾಗುವುದೇ?
ಉತ್ತರ: ಇಲ್ಲ. ಮಹಿಳೆಯರಲ್ಲಿ ಟೆಸ್ಟೋಸ್ಟೆರೋನ್ ಪ್ರಮಾಣ ಪುರುಷರಿಗಿಂತ ಬಹಳ ಕಡಿಮೆಯಿರುವುದರಿಂದ ಹಾಗಾಗುವುದಿಲ್ಲ. ಮೂಳೆಗಳ ಬಲಕ್ಕೆ ಇಂತಹ ವ್ಯಾಯಾಮ ಸಹಕಾರಿ.

ಪ್ರಶ್ನೆ: ಪ್ರೋಟೀನ್ ಪುಡಿ ಕೊಳ್ಳುವುದು ಕಡ್ಡಾಯವೇ?
ಉತ್ತರ: ಕಡ್ಡಾಯವಲ್ಲ. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ ಮುಂತಾದ ಆಹಾರ ಆರಂಭಿಕರಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಬೇಗ ಮೈಕಟ್ಟು ಬರುವುದೆಂದು ಯಾರಾದರೂ ಸ್ಟೆರಾಯ್ಡ್ ಚುಚ್ಚುಮದ್ದು ಅಥವಾ ಮಾತ್ರೆ ಸೂಚಿಸಿದಲ್ಲಿ ಸ್ಪಷ್ಟವಾಗಿ ನಿರಾಕರಿಸತಕ್ಕದ್ದು.

ಪ್ರಶ್ನೆ: ನಾಲ್ಕು ವಾರ ಕಳೆದರೂ ಅಳುಕು ಹೋಗದಿದ್ದಲ್ಲಿ?
ಉತ್ತರ: ವೇಳೆ ಬದಲಿಸಿ ನೋಡಬಹುದು, ಜೊತೆಗಾರರನ್ನು ಕರೆತರಬಹುದು. ಜನರ ನಡುವೆ ಹೋಗುವ ಭಯವು ಕಚೇರಿ, ಬಸ್ಸು, ಸಮಾರಂಭಗಳಲ್ಲಿಯೂ ಕಾಡುತ್ತಿದ್ದಲ್ಲಿ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣುವುದು ಉಚಿತ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ.

10. ಕೊನೆಯದಾಗಿ

ಸದಸ್ಯತ್ವ ಶುಲ್ಕ, ವೇಳೆ ಹಾಗೂ ಸಲ್ಲಿಸಬೇಕಾದ ದಾಖಲೆಗಳು ಕೇಂದ್ರದಿಂದ ಕೇಂದ್ರಕ್ಕೆ ಭಿನ್ನವಾಗಿರುವುದರಿಂದ ಆಯಾ ಕೇಂದ್ರದ ಸೂಚನಾ ಫಲಕವನ್ನು ನೋಡಿಕೊಳ್ಳುವುದು. ಅಳುಕು ಪೂರ್ಣವಾಗಿ ಹೋಗುವವರೆಗೆ ಕಾಯದೆ, ಅಳುಕಿನೊಂದಿಗೆಯೇ ಮೊದಲ ದಿನ ಬರಬೇಕು. ತಿಳಿಯದ್ದನ್ನು ಕೇಳಬೇಕು. ಎರಡನೆಯ ದಿನವೂ ಬರಬೇಕು. ಸಾರ್ವಜನಿಕರು ತಮ್ಮ ಸಮೀಪದ ವ್ಯಾಯಾಮ ಶಾಲೆಯ ಸೌಲಭ್ಯವನ್ನು ಸಂಕೋಚವಿಲ್ಲದೆ ಸದುಪಯೋಗಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.